ಸತ್ತ ಶೆರಿಫ್ ಕುಣಿದದ್ದು ಯಾಕೆ

ನನ್ನ ಅಕ್ಕ ಹೆಲ್ಮಿ ನನ್ನ ಜೊತೆ ಮಾತು ಬಿಟ್ಟು ಹತ್ತೊಂಬತ್ತು ವರ್ಷ ಆಗಿತ್ತು. ಆಸ್ತಿ ಜಗಳ ಅಂದುಕೊಳ್ಳಬೇಡಿ. ಗಂಡಸರ ವಿಚಾರವಂತೂ ಅಲ್ಲವೇ ಅಲ್ಲ. ಒಂದೇ ಒಂದು ಅಂಕಕ್ಕೆ. ಆ ಅಂಕ ಕೊಡದೆ ಹೋದವಳು ನಾನೇ.

ನಮ್ಮ ಗಣಿಯೂರು ಎಂಬರ್‌ಲೇಕ್‌ನವರಿಗಾದರೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಪ್ರತಿ ಅಕ್ಟೋಬರಿನ ಎರಡನೇ ಶನಿವಾರ ಮಧ್ಯಾಹ್ನ ಸ್ಟಾರ್‌ಲೈಟ್ ಟಾಕೀಸಿನಲ್ಲಿ ‘ಕಬ್ಬಿಣ ತಿಂದವಳು’ ಸಿನಿಮಾ ಹಾಕುತ್ತಾರೆ. 1969ರಲ್ಲಿ ನಮ್ಮದೇ ಗಣಿಯಲ್ಲಿ, ನಮ್ಮದೇ ಜನರನ್ನು ನಿಲ್ಲಿಸಿ, ಹದಿನೆಂಟು ದಿನದಲ್ಲಿ ಸುತ್ತಿ ಬಿಸಾಕಿದ ಸಿನಿಮಾ ಅದು. ಗಣಿಯೊಳಗಿಂದ ಒಬ್ಬಳು ದೈತ್ಯ ಹೆಂಗಸು ಎದ್ದು ಬಂದು ಬಕೆಟ್ಟು, ಒಲೆ, ಲಾರಿ, ಕೊನೆಗೆ ರೈಲ್ವೆ ಸೇತುವೆಯನ್ನೂ ತಿಂದು ತೇಗುತ್ತಾಳೆ. ಕಥೆ ಅಷ್ಟೇ. ಬೇರೆ ಊರುಗಳಲ್ಲಿ ಮೂರು ದಿನ ಓಡಿದ್ದೇ ಹೆಚ್ಚು. ತೆಗೆದ ಕಂಪನಿ ಅದೇ ವರ್ಷ ಬಾಗಿಲು ಹಾಕಿಕೊಂಡಿತು, ಪ್ರಿಂಟು ನಮ್ಮ ಟಾಕೀಸಿನಲ್ಲೇ ಉಳಿಯಿತು. ನಮ್ಮಲ್ಲಿ ಮಾತ್ರ ಐವತ್ತೈದು ವರ್ಷದಿಂದ ಹೌಸ್‌ಫುಲ್. ಜನ ಮನೆಯಿಂದ ಪಾತ್ರೆಯ ಮುಚ್ಚಳ ತಂದಿರುತ್ತಾರೆ, ಅವಳು ಬಾಯಿ ಹಾಕಿದಾಗಲೆಲ್ಲ ಬಡಿಯುವುದಕ್ಕೆ.

ಆದರೆ ಎಲ್ಲಕ್ಕಿಂತ ಜೋರಾಗಿ ಮುಚ್ಚಳ ಬಡಿಯುವುದು ಶೆರಿಫ್‌ಗೆ, ಅಂದರೆ ಸಿನಿಮಾದ ಪೊಲೀಸ್ ಮುಖ್ಯಸ್ಥನಿಗೆ. ಸಿನಿಮಾ ಶುರುವಾಗಿ ಅರ್ಧ ಗಂಟೆಗೇ ಶೆರಿಫ್ ಸಾಯುತ್ತಾನೆ. ಅವನ ಜೀಪನ್ನು ಅವನ ಸಮೇತ ನುಂಗಿಬಿಡುತ್ತಾಳೆ ಆ ಮಾರಾಯ್ತಿ. ಟೋಪಿ ಮಾತ್ರ ಉಗುಳುತ್ತಾಳೆ. ಅದಾಗಿ ಇನ್ನರ್ಧ ಗಂಟೆಗೆ, ಹಿಂದಿಲ್ಲ ಮುಂದಿಲ್ಲ, ಅದೇ ಶೆರಿಫ್ ಕಾರ್ಮಿಕ ಭವನದ ಕುಣಿತದಲ್ಲಿ ಹಲ್ಲು ಕಿರಿದುಕೊಂಡು ಪೋಲ್ಕಾ ನೃತ್ಯ ಮಾಡುತ್ತಿರುತ್ತಾನೆ! ಇಡೀ ಹಾಲ್ ಎದ್ದು ನಿಂತು, ‘ಸತ್ತಿದ್ದೀಯ ಕಣೋ!’ ಅಂತ ಒಂದೇ ದನಿಯಲ್ಲಿ ಕೂಗುತ್ತದೆ. ಅದು ಅವನ ಪ್ರೇತ, ಕುಣಿಯುವ ಆಸೆ ತೀರದೆ ಬಂದದ್ದು ಅನ್ನುವುದು ನಮ್ಮ ನಂಬಿಕೆ. ಆ ಪ್ರೇತದ ಬಗ್ಗೆ ಡುಲೂತ್ ಕಾಲೇಜಿನ ಹುಡುಗಿಯೊಬ್ಬಳು ಎಂಬತ್ತು ಪುಟ ಬರೆದು ಪದವಿಯನ್ನೂ ತೆಗೆದುಕೊಂಡಿದ್ದಾಳೆ. ಸುಳ್ಳಲ್ಲ.

ಅದೇ ಕುಣಿತದಲ್ಲಿ, ಶೆರಿಫ್ ಪಕ್ಕದಲ್ಲಿ, ನಮ್ಮಮ್ಮ ಸಿಲ್ವಿ ಹನ್ನೊಂದು ಸೆಕೆಂಡು ಕಾಣಿಸುತ್ತಾಳೆ. ಕಪ್ಪು ಬಿಳುಪಿನ ಸಿನಿಮಾ. ಆದರೆ ಅಮ್ಮನ ಲಂಗ ಹಳದಿ ಅಂತ ನನಗೂ ಅಕ್ಕನಿಗೂ ಗೊತ್ತು.

ಸಿನಿಮಾಕ್ಕೆ ಮೊದಲು ಪರೀಕ್ಷೆ. ಅಭಿಮಾನಿಗಳು ಎಷ್ಟು ಕಣ್ಣಿಟ್ಟು ನೋಡಿದ್ದಾರೆ ಅಂತ ಅಳೆಯುವುದಕ್ಕೆ ಮೂವತ್ತು ಪ್ರಶ್ನೆ. ಮೂರನೇ ಒಲೆಯ ಕಾಲು ಯಾವ ಕಡೆ ಮುರಿದಿತ್ತು? ಪಾದ್ರಿಯ ಗಡಿಯಾರದಲ್ಲಿ ಗಂಟೆ ಎಷ್ಟಾಗಿತ್ತು? ಇಂಥವು. ಗೆದ್ದವರಿಗೆ ಆ ವರ್ಷದ ‘ಫೋರ್‌ಮನ್’ ಪದವಿ, ತಲೆಗೆ ತಗಡಿನ ಹೆಲ್ಮೆಟ್ಟು. ನಗಬೇಡಿ. ಆ ಹೆಲ್ಮೆಟ್ಟು ಹಾಕಿಕೊಂಡು ಹೆಣವಾಗಿ ಮಲಗಿದವರಿದ್ದಾರೆ ನಮ್ಮಲ್ಲಿ. ಪ್ರಶ್ನೆ ಬರೆಯುವವಳು, ಕೇಳುವವಳು, ಅಂಕ ಹಾಕುವವಳು ಎಲ್ಲ ನಾನೇ, ಐಲಿ ಹೌಟಾಲ. ನಲವತ್ತು ವರ್ಷ ಶಾಲೆಯ ಅಡುಗೆಮನೆಯಲ್ಲಿ ಸೌಟು ಹಿಡಿದು ಇನ್ನೂರು ಮಕ್ಕಳನ್ನು ಸಾಲಿನಲ್ಲಿ ನಿಲ್ಲಿಸಿದವಳಿಗೆ ಇದೇನು ಮಹಾ. ನನ್ನ ಮೊದಲ ನಿಯಮ ಇಷ್ಟೇ: ಈ ಪರದೆಯ ಮೇಲೆ ಕಂಡದ್ದೇ ಸತ್ಯ. ಯಾರೋ ಹೇಳಿದ್ದು, ಎಲ್ಲೋ ಓದಿದ್ದು ನಡೆಯುವುದಿಲ್ಲ.

2005ರಲ್ಲಿ ಕೊನೆಗೆ ಉಳಿದವರು ಇಬ್ಬರು. ನಮ್ಮಕ್ಕ ಮತ್ತು ಡುವೇನ್ ಪ್ರೆಬಿಲ್ ಅನ್ನುವ ಲಾರಿ ಡ್ರೈವರ್. ಇಬ್ಬರಿಗೂ ಇಪ್ಪತ್ತೊಂಬತ್ತು ಅಂಕ. ಕೊನೆಯ ಪ್ರಶ್ನೆ ಕೇಳಿದೆ: ‘ಸತ್ತ ಮೇಲೆ ಶೆರಿಫ್ ಮೊದಲು ಕಾಣಿಸಿಕೊಳ್ಳುವುದು ಎಲ್ಲಿ?’ ಇದೇನು ಪ್ರಶ್ನೆ, ತೊಟ್ಟಿಲ ಕೂಸಿಗೂ ಗೊತ್ತು. ಅಕ್ಕ ಗೆಲ್ಲಲಿ ಅಂತಲೇ ಸುಲಭದ್ದು ಇಟ್ಟಿದ್ದೆ, ಈಗ ಹೇಳುತ್ತೇನೆ.

ಅಕ್ಕ ಎದ್ದು ನಿಂತು, ‘ಎಲ್ಲೂ ಇಲ್ಲ. ಸತ್ತವನು ಸತ್ತ. ಅವನು ಕುಣಿದದ್ದು ಸಾಯೋಕೆ ಮೊದಲು. ನೀವು ಇಲ್ಲಿ ತೋರಿಸ್ತಿರೋದೇ ತಪ್ಪು’ ಅಂದಳು.

ಹಾಲ್ ತುಂಬ ಗೊಳ್ಳೆಂದು ನಗು. ಅಕ್ಕ ಈ ಮಾತನ್ನು ಮನೆಯಲ್ಲಿ ಆಗಾಗ ಹೇಳುತ್ತಲೇ ಇದ್ದಳು. ಅವಳು ಹದಿನಾರರಲ್ಲಿ ಡುಲೂತ್‌ನ ಅತ್ತೆಯ ಮನೆಯಲ್ಲಿ ಓದಿಕೊಂಡಿದ್ದಾಗ ಸಿನಿಮಾವನ್ನು ಅಲ್ಲೇ ನೋಡಿದ್ದಳು, ಅಲ್ಲಿ ಕುಣಿತ ಮೊದಲು, ಸಾವು ಆಮೇಲೆ ಅಂತ. ನಾವ್ಯಾರೂ ಕಿವಿಗೆ ಹಾಕಿಕೊಂಡಿರಲಿಲ್ಲ.

ಅವತ್ತು ನಾನು ಸುಮ್ಮನೆ ಸೊನ್ನೆ ಹಾಕಿ ಬಾಯಿ ಮುಚ್ಚಿಕೊಳ್ಳಬೇಕಿತ್ತು. ಎದುರಿಗೆ ಮೈಕು, ಮುನ್ನೂರು ಜನರ ನಗು. ನನ್ನ ನಾಲಿಗೆ ನಿಲ್ಲಲಿಲ್ಲ. ‘ಹದಿನಾರರಲ್ಲಿ ಡುಲೂತ್ ಟಾಕೀಸಿನ ಕತ್ತಲೇಲಿ ನೀನು ಪರದೆ ಯಾವಾಗ ನೋಡಿದ್ಯೇ? ಪಕ್ಕದಲ್ಲಿ ಕೂತಿದ್ದೋನನ್ನ ನೋಡೋದಕ್ಕೇ ಸಮಯ ಸಾಲದಿತ್ತು!’ ಅಂದುಬಿಟ್ಟೆ.

ಮುಚ್ಚಳಗಳ ಸದ್ದಿಗೆ ಹಾಲ್ ಹಾರಿಹೋಗುವ ಹಾಗಾಯಿತು. ಅಕ್ಕನ ಮುಖ ಕೆಂಪಾಯಿತು, ಆಮೇಲೆ ಬೆಳ್ಳಗಾಯಿತು. ಕೋಟು ತೆಗೆದುಕೊಂಡು ಹೊರಟುಹೋದಳು. ಹೆಲ್ಮೆಟ್ಟು, ‘ಕುಣಿತದಲ್ಲಿ’ ಅಂದ ಡುವೇನ್ ತಲೆಗೆ ಹೋಯಿತು.

ಅಲ್ಲಿಂದ ಮಾತಿಲ್ಲ. ಇಬ್ಬರ ಮನೆಗೂ ನಡುವೆ ಮೂರೇ ಬೀದಿ. ಚರ್ಚಿನ ಕಾಫಿಗೆ ಬಂದರೆ ಅವಳು ಮೇಜಿನ ಆ ತುದಿ, ನಾನು ಈ ತುದಿ. ‘ಹಾಲಿನ ಜಗ್ ಈ ಕಡೆ ಕೊಡೋಕೆ ಅವಳಿಗೆ ಹೇಳಿ’ ಅಂತ ನಡುವೆ ಕೂತವರಿಗೆ ಹೇಳುವುದು. ನನ್ನ ಗಂಡ ತೀರಿಕೊಂಡಾಗ ಬಂದು ಮೂರು ದಿನ ಪಾತ್ರೆ ತೊಳೆದಳು. ಒಂದು ಮಾತು ಆಡಲಿಲ್ಲ. ಆ ಹಟ ನೋಡಿ ನನಗೆ ಕೋಪವೂ ಬಂತು, ಹೆಮ್ಮೆಯೂ ಆಯಿತು.

ಈ ಸೆಪ್ಟೆಂಬರಿನಲ್ಲಿ ಒಂದು ಸುದ್ದಿ ಬಂತು. ಹೆಲ್ಮಿ ಮನೆ ಮಾರಿದ್ದಾಳೆ, ಅರಿಜೋನಾದಲ್ಲಿರುವ ಮಗಳ ಪಕ್ಕದಲ್ಲೇ ಮನೆ ಹಿಡಿದಿದ್ದಾಳೆ, ಸಿನಿಮಾದ ಶನಿವಾರ ಕಳೆದು ಬುಧವಾರ ಹೊರಡುತ್ತಾಳೆ. ಕೇಳಿ ನನಗೆ ಅನ್ನ ಸೇರಲಿಲ್ಲ. ನನಗೆ ಅರವತ್ತೇಳು, ಅವಳಿಗೆ ಎಪ್ಪತ್ತೊಂದು. ಬುಧವಾರದೊಳಗೆ ಮಾತು ಆಡಲಿಲ್ಲ ಅಂದರೆ ಆಮೇಲೆ ಆಡುವುದು ಎಂದು? ಆದರೂ ನಾನೇ ಮೊದಲು ಹೋಗಬೇಕಾ ಅಂತ ಜಂಭ. ಪರೀಕ್ಷಕಿ ನಾನು, ನಿಯಮದ ಪ್ರಕಾರ ನಡೆದವಳು ನಾನು!

ಆ ಜಂಭ ಮುರಿದದ್ದು ಅಂಚೆಯಲ್ಲಿ ಬಂದ ಒಂದು ಡಿವಿಡಿ. ದೊಡ್ಡ ಊರಿನ ಯಾವುದೋ ಸಂಸ್ಥೆಯವರು ಹಾಳು ಗೋಡೌನಿನಲ್ಲಿ ಸಿನಿಮಾದ ಮೂಲ ನೆಗೆಟಿವ್ ಸಿಕ್ಕಿತು ಅಂತ ತೊಳೆದು ಒರೆಸಿ ಹೊಸದು ಮಾಡಿ, ಪ್ರಶ್ನೆ ತಯಾರಿಸುವುದಕ್ಕೆ ಉಪಯೋಗವಾಗಲಿ ಅಂತ ನನಗೊಂದು ಪ್ರತಿ ಕಳಿಸಿದ್ದರು. ಕಾಫಿ ಬಗ್ಗಿಸಿಕೊಂಡು ನೋಡಲು ಕೂತೆ. ಇಪ್ಪತ್ತನೇ ನಿಮಿಷಕ್ಕೆ ಪೋಲ್ಕಾ ಶುರು. ಶೆರಿಫ್ ಕುಣಿದ, ಅಮ್ಮ ತಿರುಗಿದಳು. ಅಯ್ಯೋ, ಇದೇನಿದು ಇಷ್ಟು ಬೇಗ ಅಂದುಕೊಂಡೆ. ಒಂದು ಗಂಟೆ ದಾಟಿದ ಮೇಲೆ ಆ ದೈತ್ಯ ಹೆಂಗಸು ಜೀಪು ನುಂಗಿದಳು. ಶೆರಿಫ್ ಸತ್ತ. ಮತ್ತೆ ಬರಲೇ ಇಲ್ಲ.

ಕಾಫಿ ಹಾಗೇ ಆರಿತು. ಅಕ್ಕ ಹೇಳಿದ್ದು ಅಕ್ಷರಶಃ ನಿಜ.

ಎದ್ದವಳೇ ಟಾಯ್ವೊ ಮಾಮನ ಮನೆಗೆ ಓಡಿದೆ. ಟಾಯ್ವೊ ಮ್ಯಾಕೆಲಾ ಅಂದರೆ ಸ್ಟಾರ್‌ಲೈಟಿನ ಆಪರೇಟರ್, ಮೊದಲ ದಿನದಿಂದ ಇವತ್ತಿನವರೆಗೆ ಆ ಸಿನಿಮಾ ಓಡಿಸಿದವರು. ನಮ್ಮಪ್ಪನ ಗೆಳೆಯ. ಎಂಬತ್ತನಾಲ್ಕರ ವಯಸ್ಸಿನಲ್ಲೂ ಆವಿಸ್ನಾನದ ಸೌನಾಕ್ಕೆ ತಾವೇ ಸೌದೆ ಒಡೆಯುತ್ತಾರೆ. ಅವತ್ತೂ ಒಡೆಯುತ್ತಿದ್ದರು.

‘ಟಾಯ್ವೊ ಮಾಮ, ಐವತ್ತೈದು ವರ್ಷದಿಂದ ರೀಲು ಅದಲು ಬದಲು ಮಾಡಿ ಓಡಿಸಿದ್ದೀರಿ! ಎರಡನೇ ಡಬ್ಬಿ ಜಾಗಕ್ಕೆ ನಾಲ್ಕನೇದು, ನಾಲ್ಕನೇದರ ಜಾಗಕ್ಕೆ ಎರಡನೇದು!’

ಅವರು ಕೊಡಲಿ ಕೆಳಗಿಟ್ಟರು. ‘ಗೊತ್ತು’ ಅಂದರು.

‘ಗೊತ್ತಾ? ಗೊತ್ತಿದ್ದೂ ಬಾಯಿ ಮುಚ್ಚಿಕೊಂಡಿದ್ರಾ? ನಾನೂ ಅಕ್ಕನೂ ಕಚ್ಚಾಡಿದ್ದು ನೋಡ್ಲಿಲ್ವಾ ನೀವು?’

‘ಕೂತ್ಕೋ ಐಲಿ. ಕೂಗಾಡಬೇಡ, ಪಕ್ಕದ್ಮನೆ ನಾಯಿ ಹೆದರುತ್ತೆ. ಇದು ನಿಮ್ಮಪ್ಪನಿಗೆ ಕೊಟ್ಟ ಮಾತು ಕಣಮ್ಮ.’

ಸೌದೆಯ ರಾಶಿಯ ಮೇಲೆ ಕೂತು ಅವರು ಹೇಳಿದ್ದು ಇದು. ಸಿನಿಮಾ ನಮ್ಮೂರಿಗೆ ಬಂದದ್ದು ಮೂರೇ ದಿನಕ್ಕೆ, ಅದೂ ಮಧ್ಯಾಹ್ನದ ಎರಡೂವರೆಯ ಆಟ ಮಾತ್ರ. ಸಂಜೆಗೆ ಬೇರೆ ದೊಡ್ಡ ಸಿನಿಮಾ ಇತ್ತು. ನಮ್ಮಪ್ಪನಿಗೆ ಗಣಿಯಲ್ಲಿ ಮೂರು ಗಂಟೆಯವರೆಗೆ ಪಾಳಿ. ಹೆಂಡತಿಯ ಕುಣಿತ ನೋಡುವುದಕ್ಕೆ ರಜಾ ಕೊಡಿ ಅಂತ ಮೇಸ್ತ್ರಿಯ ಮುಂದೆ ನಿಲ್ಲುವ ಜಾತಿಯವನಲ್ಲ ಅವನು.

‘ಗುರುವಾರ ಮೊದಲ ದಿನ. ಪಾಳಿ ಮುಗಿದದ್ದೇ ಓಡಿ ಬಂದಿದ್ದಾನೆ. ತಲೆ ಒದ್ದೆ, ಅಂಗಿ ಗುಂಡಿ ಹಾಕಿಲ್ಲ. ಬರೋವಾಗ್ಲೇ ಮೂರೂವರೆ. ಎರಡನೇ ರೀಲು ಯಾವಾಗ್ಲೋ ಮುಗಿದಿತ್ತು. ಮೇಲೆ ನನ್ನ ಕೋಣೆಗೇ ಬಂದ. “ಆಯ್ತಾ ಅವಳದು?” ಅಂದ. ಆಯ್ತು ಕಣಪ್ಪ ಅಂದೆ. “ಇರ್ಲಿ ಬಿಡು” ಅಂತ ಇಳಿದು ಹೋದ. ಆ ಮುಖ ನನ್ನಿಂದ ನೋಡೋಕಾಗ್ಲಿಲ್ಲ ಐಲಿ. ಶುಕ್ರವಾರ ನಾಲ್ಕನೇ ಡಬ್ಬಿ ಎರಡನೇದರ ಜಾಗಕ್ಕೆ ಹಾಕಿ, ಕುಣಿತದ ಡಬ್ಬಿ ಮೂರೂವರೆಗೆ ಬರೋ ಹಾಗೆ ಇಟ್ಟುಬಿಟ್ಟೆ. ಶೆರಿಫ್ ಸತ್ತ, ಬಂದ, ಕುಣಿದ. ಜನ ಬಿದ್ದು ಬಿದ್ದು ನಕ್ಕರು. ನಿಮ್ಮಪ್ಪ ಬಾಗಿಲ ಹತ್ರ ನಿಂತೇ ನೋಡಿದ. ಶನಿವಾರ ಹಾಲ್ ತುಂಬಿಹೋಯ್ತು. ಸತ್ತವನು ಎದ್ದು ಕುಣೀತಾನಂತೆ ಅಂತ ಸುದ್ದಿ ಹಬ್ಬಿತ್ತು. ಓನರು, “ಟಾಯ್ವೊ, ಏನು ಮಾಡಿದ್ಯೋ ಅದನ್ನೇ ಮಾಡ್ತಿರು” ಅಂದ. ನಿಮ್ಮಪ್ಪ ಮಾತ್ರ ಕೈ ಹಿಡ್ಕೊಂಡು, “ಯಾರಿಗೂ ಹೇಳಬೇಡ ಮಾರಾಯ, ಗಣೀಲಿ ನನ್ನ ಮಾನ ಹೋಗುತ್ತೆ” ಅಂದಿದ್ದ.’

ಅಪ್ಪ ಅಮ್ಮನನ್ನು ಹೆಸರು ಹಿಡಿದು ಕರೆದದ್ದನ್ನೇ ನಾವು ಕೇಳಿದವರಲ್ಲ. ಆ ಶುಕ್ರವಾರ ರಾತ್ರಿ ಊಟಕ್ಕೆ ಕೂತಾಗ ಅಮ್ಮ, ‘ಸಿನಿಮಾ ಹೇಗಿತ್ತು?’ ಅಂತ ಕೇಳಿದ್ದು ನನಗೆ ನೆನಪಿದೆ. ಅಪ್ಪ ಆಲೂಗಡ್ಡೆ ಸುಲಿಯುತ್ತಾ, ‘ಸೇತುವೆ ತಿಂದದ್ದು ಚೆನ್ನಾಗಿತ್ತು’ ಅಂದಿದ್ದ. ಕಲ್ಲಿನಂಥ ಮನುಷ್ಯ ಅಂತ ಇಷ್ಟು ವರ್ಷ ಅಂದುಕೊಂಡಿದ್ದೆವಲ್ಲ! ಅಲ್ಲೇ ಸೌದೆಯ ಮೇಲೆ ಕೂತು ಅತ್ತೆ. ಟಾಯ್ವೊ ಮಾಮ ಜೇಬಿನಿಂದ ಕರವಸ್ತ್ರ ಕೊಟ್ಟರು. ಅದರ ತುಂಬ ಮರದ ಪುಡಿ.

‘ನಿಮ್ಮಪ್ಪ ಹೋಗಿ ಐವತ್ತು ವರ್ಷ ಆಯ್ತು’ ಅಂದರು. ‘ಇನ್ನು ಮಾನ ಹೋದ್ರೆ ಹೋಗ್ಲಿ. ಹೇಳಿಬಿಡು. ನಾನು ಹತ್ತೊಂಬತ್ತು ವರ್ಷದ ಹಿಂದೇನೇ ಮಾತು ಮುರೀಬೇಕಿತ್ತು. ನನ್ನದೂ ತಪ್ಪಿದೆ.’

ನೆಟ್ಟಗೆ ಅಕ್ಕನ ಮನೆಗೆ ಹೋದೆ. ಬೆಲ್ ಒತ್ತಿದೆ. ಕಿಟಕಿಯ ಪರದೆ ಸರಿಯಿತು, ಅಕ್ಕನ ಮುಖ ಕಂಡಿತು. ಬಾಗಿಲು ತೆಗೆಯಲಿಲ್ಲ.

‘ಅಕ್ಕಾ, ನೀನು ಹೇಳಿದ್ದೇ ಸರಿ! ಕುಣಿತ ಮೊದಲು, ಸಾವು ಆಮೇಲೆ! ತಪ್ಪು ನಂದು!’ ಅಂತ ಗಾಜಿನ ಆಚೆಯಿಂದ ಕೂಗಿದೆ. ಬೀದಿಯಲ್ಲಿ ಹೋಗುತ್ತಿದ್ದವರು ನಿಂತು ನೋಡಿದರು.

ಅಕ್ಕ ಒಳಗೆ ಹೋಗಿ ಹಳೆಯ ಲಕೋಟೆಯೊಂದರ ಹಿಂದೆ ಏನೋ ಗೀಚಿ ತಂದು ಗಾಜಿಗೆ ಒತ್ತಿ ಹಿಡಿದಳು. ‘ಮೈಕಿನಲ್ಲಿ ಅಂದದ್ದನ್ನು ಮೈಕಿನಲ್ಲೇ ಸರಿ ಮಾಡು’ ಅಂತ ಬರೆದಿತ್ತು. ಪರದೆ ಎಳೆದುಕೊಂಡಳು. ಅಪ್ಪನ ವಿಷಯ ಹೇಳುವುದಕ್ಕೂ ಬಿಡಲಿಲ್ಲ, ಆ ಹಟಮಾರಿ.

ಸರಿ, ಶನಿವಾರ ಬಂತು. ಹಾಲ್ ತುಂಬ ಜನ, ಮಡಿಲಲ್ಲಿ ಮುಚ್ಚಳ. ಅಕ್ಕ ಬಂದಿದ್ದಾಳಾ ಅಂತ ಹುಡುಕಿದೆ. ಕಟ್ಟಕಡೆಯ ಸಾಲಿನಲ್ಲಿ, ಕೋಟು ಕೂಡ ಬಿಚ್ಚದೆ, ಈಗಲೋ ಆಗಲೋ ಎದ್ದು ಹೋಗುವವಳ ಹಾಗೆ ತುದಿಯಲ್ಲಿ ಕೂತಿದ್ದಳು. ಮೈಕು ಹಿಡಿದು ಮೊದಲ ಪ್ರಶ್ನೆಯ ಬದಲು ಹೇಳಿದೆ: ‘2005ರ ಪರೀಕ್ಷೆಯಲ್ಲಿ ಹೆಲ್ಮಿ ಕೊಟ್ಟ ಉತ್ತರ ಸರಿ. ಸೊನ್ನೆ ಹಾಕಿದ್ದು ನನ್ನ ತಪ್ಪು. ಆ ವರ್ಷದ ಫೋರ್‌ಮನ್ ಅವಳೇ.’

ಡುವೇನ್ ಪ್ರೆಬಿಲ್ ಚೇರಿನ ಮೇಲೆಯೇ ಹತ್ತಿ ನಿಂತ. ‘ಏನಮ್ಮಾ ಐಲಿ! ಹತ್ತೊಂಬತ್ತು ವರ್ಷ ಆದ್ಮೇಲೆ ನನ್ನ ಪದವಿ ಕಿತ್ಕೋತೀಯಾ? ನನ್ನ ಮದುವೆ ಫೋಟೋದಲ್ಲಿ ಆ ಹೆಲ್ಮೆಟ್ಟಿದೆ ಕಣಮ್ಮ!’

‘ಕೂತ್ಕೊಳೋ ಡುವೇನ್, ಚೇರು ಮುರಿಯುತ್ತೆ.’

‘ಕೂರಲ್ಲ! ಮೊದಲ ನಿಯಮ ಏನು? ನೀನೇ ಮಾಡಿದ್ದು. ಈ ಪರದೆ ಮೇಲೆ ಕಂಡದ್ದೇ ಸತ್ಯ. ಈ ಪರದೆ ಮೇಲೆ ಶೆರಿಫ್ ಸತ್ತು ಕುಣಿದಿದ್ದಾನೋ ಇಲ್ವೋ?’

‘ಕುಣಿದಿದ್ದಾನೆ!’ ಅಂತ ಹಾಲ್ ಗುಡುಗಿತು. ಮುಚ್ಚಳ ಬಡಿದರು. ಡುವೇನ್ ಹೇಳಿದ್ದರಲ್ಲಿ ತಪ್ಪಿರಲಿಲ್ಲ, ಅದೇ ತಲೆನೋವು. ಬೇರೆ ದಾರಿ ಕಾಣದೆ ಎಲ್ಲವನ್ನೂ ಹೇಳಿದೆ. ಡಬ್ಬಿ ಬದಲಾದದ್ದು, ಎರಡೂವರೆಯ ಆಟ, ಅಪ್ಪನ ಒದ್ದೆ ತಲೆ, ‘ಆಯ್ತಾ ಅವಳದು’ ಅಂತ ಕೇಳಿದ್ದು, ಮಾರನೇ ದಿನ ಬಾಗಿಲಲ್ಲಿ ನಿಂತು ನೋಡಿದ್ದು. ಒಂದು ಮುಚ್ಚಳದ ಸದ್ದಿಲ್ಲ. ಮೇಲಿನ ಕೋಣೆಯ ಸಣ್ಣ ಕಿಟಕಿಯಿಂದ ಟಾಯ್ವೊ ಮಾಮ ತಲೆ ಹೊರಗೆ ಹಾಕಿ, ‘ನಿಜ, ಅವಳು ಹೇಳ್ತಿರೋದು ನಿಜ!’ ಅಂತ ಕೂಗಿದರು.

‘ಅದಕ್ಕೇ’ ಅಂದೆ, ‘ನಿಜವಾದ ಉತ್ತರ ನಮ್ಮಕ್ಕನದೇ. ಇಕೋ, ಆ ಒಂದು ಅಂಕ ಕೊಡ್ತಾ ಇದ್ದೀನಿ.’

ಕೊನೆಯ ಸಾಲಿನಲ್ಲಿ ಅಕ್ಕ ಎದ್ದು ನಿಂತಳು. ಹೋಗಿಬಿಡುತ್ತಾಳೆ ಅಂದುಕೊಂಡೆ.

‘ಆ ಅಂಕ ನನಗೆ ಬೇಡ’ ಅಂದಳು. ಮೈಕಿಲ್ಲದೆಯೂ ಎಲ್ಲರಿಗೂ ಕೇಳಿಸಿತು. ‘ಡುವೇನ್ ಹೇಳೋದು ಸರಿ. ಈ ಪರದೆ ಮೇಲೆ ಕಂಡದ್ದೇ ಲೆಕ್ಕ. ಅಪ್ಪ ಬಾಗಿಲಲ್ಲಿ ನಿಂತು ಅಮ್ಮನನ್ನ ನೋಡಿದ್ದು ಈ ಪರದೆ ಮೇಲೆ, ಶೆರಿಫ್ ಸತ್ತಾದ ಮೇಲೆ. ಡುಲೂತಿನಲ್ಲಿ ನಾನು ಏನು ನೋಡಿದೆ ಅನ್ನೋದನ್ನ ಕಟ್ಟಿಕೊಂಡು ಏನಾಗಬೇಕು? ನನ್ನ ಸೊನ್ನೆ ನನಗಿರ್ಲಿ.’

ಡುವೇನ್ ಮೆಲ್ಲಗೆ ಚೇರಿನಿಂದ ಇಳಿದು ಮೂಗು ಒರೆಸಿಕೊಂಡ.

ಅಕ್ಕ ನಡುವಿನ ಹಾದಿಯಲ್ಲಿ ನಡೆದು ಬಂದಳು. ವೇದಿಕೆಯ ಕೆಳಗೆ ನಿಂತು ಮುಖ ಎತ್ತಿ ನೋಡಿದಳು. ಹತ್ತೊಂಬತ್ತು ವರ್ಷ ಆದ ಮೇಲೆ ನನ್ನ ಕಣ್ಣಲ್ಲಿ ಕಣ್ಣಿಟ್ಟು, ನನ್ನನ್ನೇ ಮಾತಾಡಿಸಿದಳು.

‘ಐಲಿ, ನಾನು ಮಾತು ಬಿಟ್ಟಿದ್ದು ಸೊನ್ನೆಗೆ ಅಂದ್ಕೊಂಡ್ಯೇನೇ? ಸೊನ್ನೆ ಹಾಕೋದು ನಿನ್ನ ಕೆಲಸ, ಹಾಕಿದೆ. ಊರ ಮುಂದೆ ನನ್ನನ್ನ ಸುಳ್ಳಿ ಅಂತ ಮಾಡಿ ನಗಿಸಿದ್ಯಲ್ಲ, ಅದು ಯಾವ ನಿಯಮದಲ್ಲಿತ್ತು?’

ನಾನು ಇಷ್ಟು ವರ್ಷ ಅಂಕದ ಹಿಂದೆ ಬಿದ್ದು ಸಾಯುತ್ತಿದ್ದೆನಲ್ಲ, ಪೆದ್ದಿ. ನೋವಾದ ಜಾಗ ಬೇರೆಯೇ ಇತ್ತು. ಅದು ನನಗೆ ಒಳಗೊಳಗೇ ಗೊತ್ತೂ ಇತ್ತು, ಅದಕ್ಕೇ ನಿಯಮ ನಿಯಮ ಅಂತ ಬಡಿದುಕೊಂಡಿದ್ದು.

‘ತಪ್ಪಾಯ್ತು ಅಕ್ಕಾ’ ಅಂದೆ.

‘ಮೈಕಿನಲ್ಲಿ.’

‘ತಪ್ಪಾಯ್ತು ಅಕ್ಕಾ!’ ಸ್ಪೀಕರು ಕಿರುಚಿತು. ಮುಂದಿನ ಸಾಲಿನವರು ಕಿವಿ ಮುಚ್ಚಿಕೊಂಡರು. ಆಮೇಲೆ ಯಾರೋ ಒಬ್ಬರು ಮುಚ್ಚಳ ಬಡಿದರು, ಇನ್ನೊಬ್ಬರು ಬಡಿದರು, ಆ ಗದ್ದಲದಲ್ಲಿ ನಾನು ವೇದಿಕೆ ಇಳಿದು ಅಕ್ಕನನ್ನು ತಬ್ಬಿಕೊಂಡು ಅತ್ತಿದ್ದು ಯಾರಿಗೂ ಕೇಳಿಸಲಿಲ್ಲ. ಅಕ್ಕನಿಗೆ ಕೇಳಿಸಿತು. ಬೆನ್ನು ತಟ್ಟಿ, ‘ಆಯ್ತು ಬಿಡೇ, ಜನ ಕಾಯ್ತಿದ್ದಾರೆ, ಪರೀಕ್ಷೆ ನಡೆಸು’ ಅಂದಳು. ಕೋಟು ಬಿಚ್ಚಿ ಮುಂದಿನ ಸಾಲಿನಲ್ಲಿ ಕೂತು, ಡುವೇನ್ ಜೇಬಿನಿಂದ ಪೆನ್ಸಿಲ್ ಕಿತ್ತುಕೊಂಡು ತಾನೂ ಪರೀಕ್ಷೆ ಬರೆದಳು.

ಮೂವತ್ತಕ್ಕೆ ಹನ್ನೊಂದು ಬಂತು ಅಕ್ಕನಿಗೆ. ಹತ್ತೊಂಬತ್ತು ವರ್ಷ ಸಿನಿಮಾ ನೋಡದವಳಿಗೆ ಇನ್ನೇನು ಬರುತ್ತದೆ? ಒಂದು ಅಂಕವನ್ನೂ ನಾನು ಹೆಚ್ಚಿಗೆ ಹಾಕಲಿಲ್ಲ. ಪಾದ್ರಿಯ ಗಡಿಯಾರದ ಪ್ರಶ್ನೆಗಾದರೂ ಅರ್ಧ ಅಂಕ ಕೊಡಬೇಕಿತ್ತು ಅಂತ ಅಲ್ಲೇ ವಾದಕ್ಕೆ ನಿಂತಳು. ಭಾನುವಾರ ಬೆಳಗ್ಗೆಯೇ ನನ್ನ ಅಡುಗೆಮನೆಗೆ ಬಂದು ಏಲಕ್ಕಿ ಬ್ರೆಡ್ಡು ತಿನ್ನುತ್ತಾ ಮತ್ತೆ ವಾದಿಸಿದಳು. ಸೋಮವಾರವೂ, ಮಂಗಳವಾರವೂ ಬಂದಳು. ಬುಧವಾರ ಮಗಳ ಕಾರು ಬಂದು ಎರಡು ಸಲ ಹಾರ್ನ್ ಮಾಡಿದರೂ ಅಕ್ಕ ಬಾಗಿಲಲ್ಲಿ ನಿಂತು, ಬೆರಳು ಆಡಿಸಿಕೊಂಡು, ನನ್ನ ಜೊತೆ ಜಗಳ ಆಡುತ್ತಲೇ ಇದ್ದಳು.